ಪುಸ್ತಕದ ಮೂಟೆ, ಗೋಡೌನಿನ ಮೂಟೆ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ಎರಡು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಾವು ಓದಿರುವುದು ಎಸ್ಸೆಸ್ಸೆಲ್ಸಿ. ಆದ್ದರಿಂದ ದೊಡ್ಡ ವಿಷಯಕ್ಕೆ ಹೋಗದೆ, ದಾಸ್ತಾನು ಲೆಕ್ಕದ ಬಗ್ಗೆ ಮತ್ತು ಈಗ ಪ್ರತಿ ಪೊಟ್ಟಣದ ಮೇಲೂ ಕಾಣುವ ಕಪ್ಪು ಗೆರೆಗಳು, ಅಂದರೆ ಬಾರ್‌ಕೋಡ್, ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ಇದು ಕಾರ್ಖಾನೆಯವರ ವಿಷಯ, ನಮಗ್ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಹಾಕುವ ಹಾಲು ಸಂಘದ ಬಾಗಿಲಲ್ಲೇ ನಿಲ್ಲುವುದಿಲ್ಲ. ಬೆಂಗಳೂರು ಹಾಲು ಒಕ್ಕೂಟಕ್ಕೆ ಹೋಗಿ ಪಾಕೆಟ್ ಹಾಲಾಗುತ್ತೆ, ಮೊಸರಾಗುತ್ತೆ, ತುಪ್ಪವಾಗುತ್ತೆ. ಕನಕಪುರ ತಾಲ್ಲೂಕಿನ ಶಿವನಹಳ್ಳಿಯಲ್ಲಿ ಹಾಲಿನ ಉತ್ಪನ್ನಗಳಿಗೆಂದೇ ಒಕ್ಕೂಟದ ಘಟಕವಿದೆ. ಒಕ್ಕೂಟ ಅಂದರೆ ಬೇರೆ ಯಾರೋ ಅಲ್ಲ, ನಾವೇ. ಎಲ್ಲಿ ಒಂದು ಪೆಟ್ಟಿಗೆ ಲೆಕ್ಕ ತಪ್ಪಿ ಮೂಲೆಯಲ್ಲಿ ಕೂತು ಹಾಳಾದರೂ, ಆ ನಷ್ಟ ಕೊನೆಗೆ ನಮ್ಮ ಲೀಟರಿನ ದರದ ಮೇಲೇ ಬಂದು ಕೂರುತ್ತೆ.

ಈ ವಿದ್ಯೆ ಹುಟ್ಟಿದ್ದೇ ದಿನಸಿ ಅಂಗಡಿಯ ಕಷ್ಟದಿಂದ. ಅಮೆರಿಕದಲ್ಲಿ ನಾರ್ಮನ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬ ಇಬ್ಬರು ಇದಕ್ಕೆ 1952ರಲ್ಲಿ ಪೇಟೆಂಟ್ ಪಡೆದರು. ವುಡ್‌ಲ್ಯಾಂಡ್ ಅವರಿಗೆ ಸಮುದ್ರದ ದಂಡೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆಯುವಾಗ ಈ ಉಪಾಯ ಹೊಳೆಯಿತಂತೆ. ಅಂಗಡಿಯಲ್ಲಿ ಈಗಿನ ರೀತಿಯ ಬಾರ್‌ಕೋಡ್ ಮೊದಲು ಓದಿಸಿದ್ದು 1974ರ ಜೂನ್ 26ರಂದು, ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣಕ್ಕೆ. ನಮ್ಮ ದೇಶದಲ್ಲಿ ಈ ನಂಬರುಗಳನ್ನು ಕೊಡುವ ಜಿಎಸ್ ವನ್ ಇಂಡಿಯಾ ಸಂಸ್ಥೆ 1996ರಲ್ಲಿ ಶುರುವಾಯಿತು. ಅದು ಕೊಡುವ ನಂಬರು 890ರಿಂದ ಆರಂಭವಾಗುತ್ತೆ. 890 ಇದ್ದರೆ ಭಾರತದಲ್ಲೇ ತಯಾರಾದದ್ದು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ನಂಬರು ಇಲ್ಲಿನ ಸಂಸ್ಥೆ ಕೊಟ್ಟದ್ದು ಅಂತ ಮಾತ್ರ ಅರ್ಥ.

ಆ ಗೆರೆಯ ಕೆಳಗೆ ಹದಿಮೂರು ಅಂಕೆ ಇರುತ್ತವೆ. ಕೊನೆಯದು ಕಾವಲಿನ ಅಂಕೆ. ಉದಾಹರಣೆಗೆ 890123456789 ಎಂಬ ಹನ್ನೆರಡು ಅಂಕೆ ತಗೊಳ್ಳಿ. ಎಡದಿಂದ ಒಂದು ಬಿಟ್ಟು ಒಂದು ಅಂಕೆ, ಅಂದರೆ 8, 0, 2, 4, 6, 8 ಕೂಡಿದರೆ 28. ಉಳಿದ 9, 1, 3, 5, 7, 9 ಕೂಡಿದರೆ 34, ಅದರ ಮೂರರಷ್ಟು 102. ಎರಡೂ ಸೇರಿ 130. ಈ ಮೊತ್ತ ಪೂರ್ತಿ ಹತ್ತುಗಳಾಗಲು ಎಷ್ಟು ಬೇಕೋ ಅದೇ ಕೊನೆಯ ಅಂಕೆ. ಇಲ್ಲಿ ಏನೂ ಬೇಕಿಲ್ಲ, ಆದ್ದರಿಂದ ಸೊನ್ನೆ. ಯಾವುದೇ ಒಂದು ಅಂಕೆ ತಪ್ಪಿ ಬಂದರೂ ಮೊತ್ತ ಕೆಡುತ್ತೆ, ಯಂತ್ರ ಒಪ್ಪುವುದಿಲ್ಲ. ಕೈಬರಹದಲ್ಲಿ 1 ಹೋಗಿ 7 ಆದರೆ ಪುಸ್ತಕ ಸುಮ್ಮನೆ ಒಪ್ಪಿಕೊಳ್ಳುತ್ತೆ. ವ್ಯತ್ಯಾಸ ಇಷ್ಟೆ.

ಈಗ ಲೆಕ್ಕ ಎಲ್ಲಿ ತಪ್ಪುತ್ತೆ ನೋಡೋಣ. ಎರಡು ದರ್ಜೆಯ ಪಶು ಆಹಾರ ಇದೆ ಅಂತ ತಿಳಿಯಿರಿ. ಪುಸ್ತಕದಲ್ಲಿ ಒಂದು 60 ಮೂಟೆ, ಇನ್ನೊಂದು 40. ಗೋಡೌನಿನಲ್ಲಿ ಎಣಿಸಿದರೆ 58 ಮತ್ತು 42. ಒಟ್ಟು ನೂರು ಸರಿಯಾಗಿದೆ, ಆದರೆ ಎರಡೂ ತಪ್ಪು. ನೋಡೋಕೆ ಒಂದೇ ತರದ ಮೂಟೆ ಅದಲು ಬದಲಾಗಿ ಹೋಗಿದೆ, ದರದಲ್ಲಿ ಒಬ್ಬ ಸದಸ್ಯನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಆದ್ದರಿಂದಲೇ ಒಟ್ಟು ಮೊತ್ತ ನೋಡಿ ಲೆಕ್ಕ ಸರಿಯಿದೆ ಅನ್ನಬಾರದು. ನೂರು ಬಾಬ್ತು ಎಣಿಸಿ, ಪುಸ್ತಕಕ್ಕೂ ವಸ್ತುವಿಗೂ 92 ತಾಳೆಯಾದರೆ, ನಮ್ಮ ದಾಸ್ತಾನು ನೂರಕ್ಕೆ 92 ಸರಿ ಅಂತ ಲೆಕ್ಕ.

ಕ್ರಮವಾಗಿ ನಡೆಯುವ ಆಹಾರ ಕಾರ್ಖಾನೆಯಲ್ಲಿ ನಾಲ್ಕು ಬಾಗಿಲಲ್ಲಿ ಸ್ಕ್ಯಾನ್ ಮಾಡುತ್ತಾರೆ. ಸಕ್ಕರೆ, ಪಾಕೆಟ್ ಫಿಲ್ಮು ಮುಂತಾದ ಸಾಮಾನು ಒಳಗೆ ಬಂದಾಗ ಒಂದು ಸಲ. ಅದು ತಯಾರಿಕೆಗೆ ಹೋದಾಗ ಒಂದು ಸಲ. ತಯಾರಾದ ಮಾಲು ಉಗ್ರಾಣಕ್ಕೆ ಬಂದಾಗ ಒಂದು ಸಲ. ಲಾರಿ ಹತ್ತುವಾಗ ಒಂದು ಸಲ. ಅಂಗಡಿಯಲ್ಲಿ ನಾವು ನೋಡುವ ಹದಿಮೂರು ಅಂಕೆಯಲ್ಲಿ ವಸ್ತು ಯಾವುದು ಅಂತ ಮಾತ್ರ ಇರುತ್ತೆ. ಯಾವ ಬ್ಯಾಚು, ಯಾವತ್ತಿನವರೆಗೆ ಬಳಸಬಹುದು ಅನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೆ ಪೆಟ್ಟಿಗೆಯ ಮೇಲೆ ಬೇರೆ ಉದ್ದನೆಯ ಬಾರ್‌ಕೋಡ್ ಅಥವಾ ಚೌಕದ ಕೋಡ್ ಹಾಕಬೇಕು. ಹಾಗೆ ಹಾಕಿದರೆ ಮೊದಲು ಬಂದದ್ದು ಮೊದಲು ಹೋಗಲಿ ಅನ್ನುವುದಕ್ಕಿಂತ ಒಳ್ಳೆಯ ಪದ್ಧತಿ ಸಾಧ್ಯ. ಮೊದಲು ಅವಧಿ ಮುಗಿಯುವುದು ಮೊದಲು ಹೋಗಲಿ.

ಇನ್ನೊಂದು ಮುಖ್ಯ ಪ್ರಯೋಜನವಿದೆ. ಒಂದು ಲಾಟಿನ ಸಕ್ಕರೆ ಕೆಟ್ಟಿತ್ತು ಅಂತ ಆಮೇಲೆ ಗೊತ್ತಾಯಿತು ಅಂತ ಇಟ್ಟುಕೊಳ್ಳಿ. ಆ ಸಕ್ಕರೆ ಯಾವ ಬ್ಯಾಚಿನ ಪೇಡಾಕ್ಕೆ ಹೋಯಿತು, ಆ ಪೇಡಾ ಯಾವ ಲಾರಿ ಹತ್ತಿತು ಅಂತ ಲೆಕ್ಕ ಇದ್ದರೆ ಅಷ್ಟನ್ನು ಮಾತ್ರ ವಾಪಸ್ ತರಿಸಬಹುದು. ಇಲ್ಲದಿದ್ದರೆ ಒಳ್ಳೆಯದನ್ನೂ ಸೇರಿಸಿ ಎಲ್ಲ ತರಿಸಬೇಕು. ಆಹಾರ ಸುರಕ್ಷತೆಗೆ 2006ರಲ್ಲಿ ಕಾಯಿದೆ ಆಯಿತು, ಕೆಟ್ಟ ಮಾಲನ್ನು ವಾಪಸ್ ತರಿಸುವ ಕ್ರಮಕ್ಕೆ 2017ರಲ್ಲಿ ನಿಯಮ ಬಂತು. ಮಕ್ಕಳು ತಿನ್ನುವ ವಸ್ತು ಇದು, ಹುಡುಗಾಟವಲ್ಲ.

ಹಾಗಂತ ಬಾರ್‌ಕೋಡ್ ಮಂತ್ರದಂಡವೇನಲ್ಲ. ತಣ್ಣನೆ ಕೋಣೆಯ ತೇವಕ್ಕೆ ಚೀಟಿ ಕಿತ್ತು ಬರುತ್ತೆ, ಶಾಯಿ ಹರಡುತ್ತೆ. ಕೆಲಸದ ಅವಸರಕ್ಕೆ ಹತ್ತು ಪೆಟ್ಟಿಗೆಯ ಬದಲು ಒಂದೇ ಪೆಟ್ಟಿಗೆಯನ್ನು ಹತ್ತು ಸಲ ಓದಿಸುವವರೂ ಉಂಟು. ಸಂಖ್ಯೆ ಸರಿ ಬರುತ್ತೆ, ಬ್ಯಾಚು ಪೂರಾ ಸುಳ್ಳಾಗುತ್ತೆ. ಕಪ್ಪು ಗೆರೆಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. 2021ರ ಡಿಸೆಂಬರಿನಲ್ಲಿ ಮೈಸೂರಿನ ಬಳಿ ನಂದಿನಿ ಹೆಸರಿನ ಕಲಬೆರಕೆ ತುಪ್ಪ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಗೆರೆ ಇದ್ದ ಮಾತ್ರಕ್ಕೆ ಒಳಗಿನ ಮಾಲು ಅಸಲಿ ಅಂತ ನಂಬುವಂತಿಲ್ಲ.

ನಮ್ಮ ಕೊಟ್ಟಿಗೆಗೂ ಈ ಗೆರೆ ಬಂದಿದೆ. ಹಸುವಿನ ಕಿವಿಯ ಹಳದಿ ಬಿಲ್ಲೆ ನೋಡಿ, ಹನ್ನೆರಡು ಅಂಕೆ, ಜೊತೆಗೆ ಬಾರ್‌ಕೋಡ್. 2019ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಕಾಲುಬಾಯಿ ಜ್ವರದ ಲಸಿಕೆಯನ್ನು ಆ ನಂಬರಿನ ಮೇಲೇ ಬರೆದುಕೊಳ್ಳುತ್ತಾರೆ. ಹಸು ಮಾರಿದಾಗ, ಸತ್ತಾಗ ನಾವು ತಿಳಿಸದಿದ್ದರೆ ಏನಾಗುತ್ತೆ? ಲೆಕ್ಕದಲ್ಲಿ ಹಸು ಇರುತ್ತೆ, ಕೊಟ್ಟಿಗೆಯಲ್ಲಿ ಗೂಟ ಮಾತ್ರ ಇರುತ್ತೆ. ಕಾರ್ಖಾನೆಯ ದಾಸ್ತಾನು ತಪ್ಪುವುದೂ ಹೀಗೆಯೇ. ವಸ್ತು ಕದಲಿದ ಕೂಡಲೆ ಲೆಕ್ಕವೂ ಕದಲಬೇಕು.

ನಮ್ಮ ಊರಿಗೆ ಇದು ಹೊಸ ಬುದ್ಧಿಯಲ್ಲ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ಒಪ್ಪಂದದ ಶಾಸನ ಶ್ರವಣಬೆಳಗೊಳದಲ್ಲಿಯೂ ಇದೆ, ನಮ್ಮ ಕಲ್ಯದಲ್ಲಿಯೂ ದೊರೆತಿದೆ. ಒಂದೇ ಮಾತನ್ನು ಎರಡು ಕಡೆ ಕಲ್ಲಿನಲ್ಲಿ ಬರೆಸಿದರೆ ಯಾರೂ ಅಲ್ಲಗಳೆಯುವಂತಿಲ್ಲ. ಪುಸ್ತಕ ಒಂದು ಕಡೆ, ಮೂಟೆ ಒಂದು ಕಡೆ, ಎರಡೂ ಒಂದೇ ಮಾತು ಹೇಳಬೇಕು ಅನ್ನುವುದೂ ಅದೇ ನ್ಯಾಯ.

ಇನ್ನು ನಮ್ಮ ಸಂಘದ ವಿಷಯ. ಮೂಟೆ ಕಮ್ಮಿ ಬಂದರೆ ಊರಿನ ಬೆರಳು ಮೊದಲು ತಿರುಗುವುದು ಕಾರ್ಯದರ್ಶಿಯ ಕಡೆಗೆ. ಮೂಟೆ ಹೊತ್ತುಕೊಂಡು ಹೋಗಿ "ಆಮೇಲೆ ಬರ್ಕೊಳ್ಳಿ" ಅಂದವರನ್ನು ಯಾರೂ ಕೇಳುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಸಹಕಾರ ಸಂಘದಲ್ಲಿ ನಿಜವಾಗಬಾರದು. ಆದ್ದರಿಂದ ಈ ವರ್ಷ ಮೂರು ಕೆಲಸ ಮಾಡೋಣ ಅಂತ ಸಭೆಯ ಮುಂದೆ ಇಡುತ್ತಿದ್ದೇವೆ.

ಒಂದು, ಲೋಡು ಇಳಿದ ದಿನವೇ ಪ್ರತಿ ಮೂಟೆಗೂ ನಂಬರಿನ ಚೀಟಿ ಅಂಟಿಸಿ, ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಓದಿಸುವುದು. ಎರಡು, ತಿಂಗಳಿಗೊಮ್ಮೆ ಇಬ್ಬರು ಸದಸ್ಯರು, ಪ್ರತಿ ಸಲ ಬೇರೆ ಬೇರೆಯವರು, ಪುಸ್ತಕ ನೋಡದೆ ಮೂಟೆ ಎಣಿಸಿ, ಆಮೇಲೆ ತಾಳೆ ನೋಡಿ, ಫಲಿತಾಂಶವನ್ನು ಡೇರಿ ಬೋರ್ಡಿನಲ್ಲಿ ಬರೆಯುವುದು. ಮೂರು, ಓದಿಸದೆ ಒಂದು ಮೂಟೆಯೂ ಬಾಗಿಲು ದಾಟಕೂಡದು, ಕೇಳುವವರು ನಿರ್ದೇಶಕರಾದರೂ ಸರಿ, ನಾವೇ ಆದರೂ ಸರಿ. ಮೂರನೆಯದು ನಡೆಯದಿದ್ದರೆ ಮೊದಲನೆಯದಕ್ಕೆ ದುಡ್ಡು ಹಾಕುವುದು ದಂಡ. ಯಂತ್ರ ಬರುವ ತನಕ ಕಾಯಬೇಕಾಗಿಲ್ಲ, ಎರಡನೆಯದನ್ನು ಬರುವ ತಿಂಗಳಿನಿಂದಲೇ ಶುರು ಮಾಡಬಹುದು.

ಇಪ್ಪತ್ತೈದು ವರ್ಷ ಈ ಸಂಘ ನಿಂತಿರುವುದು ನಂಬಿಕೆಯ ಮೇಲೆ. ನಂಬಿಕೆ ಉಳಿಯಬೇಕಾದರೆ ಲೆಕ್ಕ ಎಲ್ಲರ ಕಣ್ಣಿಗೆ ಕಾಣಬೇಕು.