ಅನ್ನ, ನೀರು, ಅಣುಜೀವಿ: ಪುಣೆಯ ಒಂದು ಸಂಶೋಧನಾ ಜೀವನ



ನಾವು ಕನ್ನಡಿಗರು ಬದುಕು ಕಟ್ಟಿಕೊಂಡಿರುವ ಈ ಪುಣೆಯ ಒಬ್ಬ ಅಣುಜೀವಿ ವಿಜ್ಞಾನಿಯ ಕೆಲಸವನ್ನು ನಿಮ್ಮ ಮುಂದಿಡಲು ನಿಂತಿದ್ದೇನೆ. ಅವರು ಡಾ. ಯೋಗೇಶ್ ಶೌಚೆ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಲ್ಲಿ ಬಹುಕಾಲ ದುಡಿದವರು. ಅವರ ಕೆಲಸದಿಂದ ನಾನು ಕಲಿತದ್ದು ಇದು: ಒಂದು ಅಣುಜೀವಿಯ ಮನೆ ಯಾವುದು, ನೆರೆಹೊರೆ ಯಾವುದು ಎಂಬುದು ಗೊತ್ತಾಗದೆ ನಮ್ಮ ಅನ್ನ ನೀರನ್ನು ಕಾಯಲು ಆಗುವುದಿಲ್ಲ.

ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಪ್ರಯೋಗಾಲಯದ ಮಾಮೂಲಿ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಬೆಳೆಯದವನ್ನು ಗುರುತಿಸುವ ದಾರಿ ತೆರೆದದ್ದು 16ಎಸ್ ಎಂಬ ಜೀನು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಸುಮಾರು 1,500 ಅಕ್ಷರಗಳ ಈ ಜೀನನ್ನು ಓದಿದರೆ ಜೀವಿಯ ವಂಶ ತಿಳಿಯುತ್ತದೆ. ಈ ವಿದ್ಯೆಯನ್ನು ಹಿಡಿದು ಶೌಚೆ ಮತ್ತು ಸಂಗಡಿಗರು ಸೊಳ್ಳೆಯ ಕರುಳಿನಿಂದ ಹಿಡಿದು ವಾಯುಮಂಡಲದವರೆಗೆ ಹುಡುಕಿದರು. 2005ರಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದಿತು. ಅದರಲ್ಲಿ ಸಿಕ್ಕ ಜೀವಿಗಳನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಪುಣೆಯ ಈ ಕೇಂದ್ರ ಬೇರೆಬೇರೆಯಾಗಿ ಪರೀಕ್ಷಿಸಿದವು. 2009ರಲ್ಲಿ ಮೂರು ಹೊಸ ಪ್ರಭೇದಗಳು ಪ್ರಕಟವಾದವು. ಒಂದಕ್ಕೆ ಆರ್ಯಭಟನ ಹೆಸರು, ಇನ್ನೊಂದಕ್ಕೆ ಇಸ್ರೋ ಹೆಸರು, ಮತ್ತೊಂದಕ್ಕೆ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಹೆಸರು.

ಹುಡುಕಿದರೆ ಸಾಲದು, ಉಳಿಸಬೇಕು. ಅದೇ 2009ರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ಪುಣೆಯಲ್ಲಿ ಅಣುಜೀವಿ ಸಂಗ್ರಹಾಲಯ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಶೌಚೆ. 2011ರಲ್ಲಿ ಅದಕ್ಕೆ, ಪೇಟೆಂಟಿಗಾಗಿ ಅಣುಜೀವಿಗಳನ್ನು ಠೇವಣಿ ಇಡುವುದಕ್ಕೆ ಸಂಬಂಧಿಸಿದ ಬುಡಾಪೆಸ್ಟ್ ಒಪ್ಪಂದದ ಅಂತಾರಾಷ್ಟ್ರೀಯ ಠೇವಣಿ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಚಂಡೀಗಢದ ಸಂಗ್ರಹದ ನಂತರ ಈ ಮಾನ್ಯತೆ ಪಡೆದವುಗಳಲ್ಲಿ ದೇಶಕ್ಕೆ ಇದು ಎರಡನೆಯದು. ಈಗ ಅದರ ಹೆಸರು ರಾಷ್ಟ್ರೀಯ ಅಣುಜೀವಿ ಸಂಪನ್ಮೂಲ ಕೇಂದ್ರ. ಲಕ್ಷಕ್ಕೂ ಹೆಚ್ಚು ಜೀವಿಗಳು ಅಲ್ಲಿವೆ. ಇಂಥ ಸಂಗ್ರಹಗಳಲ್ಲಿ ಕೆಲವನ್ನು ಒಣಗಿಸಿ ಗಾಜಿನ ನಳಿಗೆಯಲ್ಲಿ ಮುಚ್ಚುತ್ತಾರೆ, ಕೆಲವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಇಂದು ಇಟ್ಟದ್ದನ್ನು ಐವತ್ತು ವರ್ಷಗಳ ನಂತರ ಹುಟ್ಟುವ ವಿದ್ಯಾರ್ಥಿಯೂ ಎಬ್ಬಿಸಿ ಓದಬಹುದು.

ಹುಡುಕಾಟ ನಮ್ಮೊಳಗೂ ನಡೆಯಿತು; ನಮ್ಮ ಕರುಳಿನ ವಿಷಯವನ್ನೇ ನೋಡಿ. 2014ರಲ್ಲಿ ಶೌಚೆ ಮತ್ತು ಸಂಗಡಿಗರು ಇದೇ ಊರಿನ ಆಘಾರಕರ್ ಸಂಶೋಧನಾ ಸಂಸ್ಥೆಯವರೊಡನೆ ಸೇರಿ ಆರೋಗ್ಯವಂತ ಭಾರತೀಯರ ಮಲದಿಂದ ಮೆಗಾಸ್ಫೇರಾ ಇಂಡಿಕಾ ಎಂಬ ಹೊಸ ಬ್ಯಾಕ್ಟೀರಿಯಾವನ್ನು ವರ್ಣಿಸಿದರು. ಭಾರತೀಯರ ಕರುಳಿನಲ್ಲಿ ಪ್ರೆವೊಟೆಲ್ಲಾ ಮತ್ತು ಮೆಗಾಸ್ಫೇರಾ ಎಂಬ ಬ್ಯಾಕ್ಟೀರಿಯಾಗಳು ಹೆಚ್ಚು ಎಂದು ಅವರ 2016ರ ಪ್ರಬಂಧ ತೋರಿಸಿತು. ಅಂದ ಮೇಲೆ ಪಾಶ್ಚಾತ್ಯರ ಕರುಳನ್ನು ಓದಿ ಬರೆದ ಸೂತ್ರ ನಮಗೆ ಹಾಗೆಯೇ ಒಪ್ಪುತ್ತದೆ ಎನ್ನಲಾಗದು.

ಈ ಬಗೆಯ ತಿಳಿವು ಆಹಾರ ಸುರಕ್ಷತೆಗೆ ಎಷ್ಟು ಬೇಕೆಂಬುದನ್ನು ಪುಣೆ 2025ರ ಜನವರಿಯಲ್ಲಿ ಕಣ್ಣಾರೆ ಕಂಡಿತು. ಸಿಂಹಗಡ ರಸ್ತೆ, ಕಿರ್ಕಟ್‌ವಾಡಿ, ಧಾಯರಿ ಭಾಗಗಳಲ್ಲಿ ಜನರ ಕೈಕಾಲಿನ ಬಲ ಹೋಯಿತು, ಕೆಲವರು ವೆಂಟಿಲೇಟರ್ ಮೇಲೆ ಮಲಗಿದರು, ಸಾವುಗಳಾದವು. ಅದು ಗಿಯಾನ್–ಬಾರೆ ಕಾಯಿಲೆ. ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕೋಳಿಯ ಕರುಳು ಅದರ ಮನೆ. ಅಲ್ಲಿಯ ಬಿಸಿ ಸುಮಾರು 42 ಡಿಗ್ರಿ, ಆಮ್ಲಜನಕ ಕಡಿಮೆ. ಕೋಳಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಅರೆಬೆಂದ ಮಾಂಸದಿಂದಲೋ ಕೊಳಕು ನೀರಿನಿಂದಲೋ ನಮ್ಮೊಳಗೆ ಬಂದರೆ ಭೇದಿ. ಅದರ ಹೊದಿಕೆಯ ಕೆಲವು ಅಣುಗಳು ನಮ್ಮ ನರದ ಅಣುಗಳನ್ನು ಹೋಲುವುದರಿಂದ, ಅದನ್ನು ಹೊಡೆಯಲು ದೇಹ ತಯಾರಿಸಿದ ಪ್ರತಿಕಾಯಗಳು ಅಪರೂಪಕ್ಕೆ ನರವನ್ನೇ ಹೊಡೆಯುತ್ತವೆ. ಮಾಮೂಲಿ ಗಾಳಿಯಲ್ಲಿಟ್ಟ ತಟ್ಟೆಯಲ್ಲಿ ಈ ಜೀವಿ ಬೆಳೆಯದು. ಅದರ ಮನೆಯ ಹವೆಯನ್ನು ಬಲ್ಲವರಿಗೆ ಮಾತ್ರ ಅದು ಸಿಗುತ್ತದೆ.

ಅಡುಗೆಮನೆಯಲ್ಲೂ ಮನೆ, ನೆರೆಹೊರೆಯ ಇದೇ ನಿಯಮ. ಇಡ್ಲಿ ಹಿಟ್ಟಿನಲ್ಲಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬೆಳೆದು ಹುಳಿ ಹುಟ್ಟಿಸುತ್ತದೆ. ಆ ಹುಳಿಯಲ್ಲಿ ಹಲವು ರೋಗಾಣುಗಳು ತಲೆ ಎತ್ತಲಾರವು. ಪಕ್ಕದ ಕಾಯಿಚಟ್ನಿಗೆ ಆ ಕಾವಲು ಇಲ್ಲ. ಅನ್ನ ಬೆಂದರೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಸಾಯುವುದಿಲ್ಲ. ಅನ್ನವನ್ನು ಬೆಚ್ಚಗೆ ಹೊರಗಿಟ್ಟರೆ ಮೊಳೆತು ವಿಷ ಕಕ್ಕುತ್ತವೆ, ಆಮೇಲೆ ಮತ್ತೆ ಕುದಿಸಿದರೂ ಆ ವಿಷ ಹೋಗದು.

ಆದ್ದರಿಂದ ನನ್ನ ಕೋರಿಕೆ ಎರಡು. ಒಂದು, ಅಡುಗೆಮನೆಯದು: ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಕೋಳಿಯನ್ನು ಪೂರ್ತಿ ಬೇಯಿಸಿ, ಸಂಶಯವಿದ್ದ ನೀರನ್ನು ಕುದಿಸಿ ಕುಡಿಯಿರಿ. ಎರಡನೆಯದು, ಮನೆಯ ಮಗನೋ ಮಗಳೋ ಅಣುಜೀವಿ ವಿಜ್ಞಾನ ಓದುತ್ತೇನೆಂದರೆ ಬೇಡವೆನ್ನಬೇಡಿ. ಸಂಗ್ರಹಾಲಯ ಕಟ್ಟುವಂಥ ಕೆಲಸಕ್ಕೆ ಚಪ್ಪಾಳೆ ಕಡಿಮೆ, ಆದರೆ ಮುಂದಿನ ತಲೆಮಾರಿನ ಅನ್ನ ನೀರಿನ ಕಾವಲು ಅದರ ಮೇಲೇ ನಿಂತಿದೆ.