ಗರಿಕೆ ಕಟ್ಟಿದ ಕೈ

(ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ಆಡಿದ ಮಾತು)



ಮಾತು ತಡವರಿಸಿದರೆ ಮನ್ನಿಸಬೇಕು. 2019ರ ತುಲಾ ಸಂಕ್ರಮಣದ ಮುಂಜಾನೆ ಬಲಗೈಯಿಂದ ಕಾಫಿ ಲೋಟ ಜಾರಿತು, ಬಾಯಿ ಓರೆಯಾಯಿತು. ವಾತವಿರಬೇಕೆಂದು ಎಣ್ಣೆ ತಿಕ್ಕಿಸಿಕೊಂಡು ಮಲಗಿದೆ. ಕಾಸರಗೋಡಿನ ಈ ಮೂಲೆಯಿಂದ ಮಂಗಳೂರಿನ ಆಸ್ಪತ್ರೆ ತಲಪುವಾಗ ಮಧ್ಯಾಹ್ನ ಕಳೆದಿತ್ತು. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು 4½ ಗಂಟೆಯೊಳಗೆ ಕೊಡಬೇಕು. ನನ್ನದು ಮೀರಿತ್ತು. ತಪ್ಪು ನನ್ನದೇ.

ಆರು ತಿಂಗಳ ಬಳಿಕ ಕೋಲೂರಿಕೊಂಡು ದೇವಸ್ಥಾನಕ್ಕೆ ಬಂದೆ. ಉಗ್ರಾಣದಲ್ಲಿ ಅಕ್ಕಿಮುಡಿ ಹೊರುತ್ತಿದ್ದವ ಮೂಲೆ ಹಿಡಿದು ಕುಳಿತೆ. ಅರ್ಚಕರು ಗಣಹೋಮದ ಗರಿಕೆಯನ್ನು ಮುಂದಿಟ್ಟರು. ಒಂದು ಕಟ್ಟಿಗೆ 21. ಮನೆಯಲ್ಲಿ ಎಲ್ಲದಕ್ಕೂ ಎಡಗೈ ಮುಂದೆ ಬರುತ್ತಿತ್ತು. ದೇವರ ಗರಿಕೆಯನ್ನು ಎಡಗೈಯಲ್ಲಿ ಎತ್ತುವುದುಂಟೇ? ಮೊದಲ ದಿನ ಕಟ್ಟಿದ್ದು ಒಂದೇ ಕಟ್ಟು. ಅದರಲ್ಲೂ 19 ಮಾತ್ರ ಇದೆಯೆಂದು ಮೊಮ್ಮಗಳು ಎಣಿಸಿ ಹೇಳಿದಳು! ವ್ಯಾಯಾಮ ಮಾಡಿಸುವವರು ಕೇಳಿ ಸಂತೋಷಪಟ್ಟರು; ಒಳ್ಳೆಯ ಕೈಯನ್ನು ಕಟ್ಟಿಹಾಕಿ ಸೋತ ಕೈಯಿಂದಲೇ ದುಡಿಸುವ ಚಿಕಿತ್ಸೆ ಅವರಲ್ಲೂ ಇದೆಯಂತೆ. ಈಗ ಪ್ರತಿ ಸಂಕ್ರಮಣದ ಗರಿಕೆ ನನ್ನದೇ. ಅಂಗಿಯ ಗುಂಡಿ ಮಾತ್ರ ಇಂದಿಗೂ ಮನೆಯವಳೇ ಹಾಕಬೇಕು.

ಈ ಉತ್ಸವದಲ್ಲಿ ಸಮಿತಿಯವರು ನನ್ನನ್ನು ಪ್ರಥಮ ಚಿಕಿತ್ಸೆಯ ಚಪ್ಪರದಲ್ಲಿ ಕುಳ್ಳಿರಿಸಿದ್ದಾರೆ. ಯಾರಿಗಾದರೂ ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ನೀರು ಕುಡಿಸಬೇಡಿ, ತೀರ್ಥವೂ ಬೇಡ. ನುಂಗಲಾಗದೆ ಶ್ವಾಸನಾಳಕ್ಕೆ ಇಳಿದೀತು. ಶುರುವಾದ ಗಂಟೆ ನೋಡಿಟ್ಟುಕೊಂಡು ಚಪ್ಪರಕ್ಕೆ ಓಡಿ ಬನ್ನಿ. ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೊಂಡೊಯ್ಯಲು ಜೀಪು ಹೊರಗೆ ನಿಂತಿದೆ, ರಾತ್ರಿ ರಂಗಪೂಜೆ ಮುಗಿಯುವವರೆಗೂ ಇರುತ್ತದೆ.