ಜಮಖಾನಕ್ಕೆ ಬಿಸಿನೀರೋ, ತಣ್ಣೀರೋ?



ನರಗುಂದ ತಾಲ್ಲೂಕಿನ ಶಿರೋಳದಂಥ ಊರಿನಲ್ಲಿ ಮದುವೆಯೊಂದು ಮುಗಿದ ಮರುದಿನ ಹಂದರದ ಕೆಳಗೆ ಹಾಸಿದ್ದ ಜಮಖಾನಗಳ ಸ್ಥಿತಿ ಏನಾಗಿರುತ್ತದೆ ಎಂಬುದನ್ನು ನೀವು ನೋಡಿಯೇ ಇರುತ್ತೀರಿ. ಮಾದಲಿಯ ಮೇಲೆ ಹಾಕಿದ ತುಪ್ಪ ಅಲ್ಲಿ ಬಿದ್ದಿರುತ್ತದೆ, ಹಾಲು ಚೆಲ್ಲಿರುತ್ತದೆ, ಚಹಾ, ಅರಿಷಿಣ, ಎಲೆ ಅಡಿಕೆಯ ಕೆಂಪು ಎಲ್ಲವೂ ತಮ್ಮ ತಮ್ಮ ಗುರುತು ಬಿಟ್ಟಿರುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ನೂರಾರು ಜನರ ಕಾಲಿಗೆ ಹತ್ತಿ ಬಂದ ಎರೆಮಣ್ಣು. ಈಗ ತೊಳೆಯುವವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಬೇಕೆ, ಅಥವಾ ತಣ್ಣೀರಿನಲ್ಲಿಯೇ ಅದ್ದಿ ತೆಗೆಯಬೇಕೆ? ಹುಬ್ಬಳ್ಳಿ, ಬೆಂಗಳೂರುಗಳ ಹೋಟೆಲುಗಳಲ್ಲಿ ಕಾರ್ಪೆಟ್ ತೊಳೆಯುವುದನ್ನೇ ವೃತ್ತಿ ಮಾಡಿಕೊಂಡವರ ಮುಂದೆಯೂ ಇರುವುದು ಇದೇ ಪ್ರಶ್ನೆ. ಅವರ ಕೈಯಲ್ಲಿ ಯಂತ್ರವಿದೆ ಎಂಬುದಷ್ಟೇ ವ್ಯತ್ಯಾಸ.

ತಪ್ಪಿದರೆ ಆಗುವ ನಷ್ಟ ಸಣ್ಣದೇನೂ ಅಲ್ಲ. ನಿಮ್ಮ ಪಕ್ಕದ ತಾಲ್ಲೂಕು ನವಲಗುಂದ. ಅಲ್ಲಿಯ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹೆಂಗಸರು ಮನೆಯಲ್ಲಿಯೇ ನಿಲುವು ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿ ನೂಲನ್ನು ಹೆಣೆದು, ಪಂಜದಿಂದ ಬಡಿದು ಬಡಿದು ನವಿಲು, ಪಗಡೆ ಹಾಸುಗಳನ್ನು ಮೂಡಿಸುತ್ತಾರೆ. ಬಹು ದಿನಗಳ ಆ ದುಡಿಮೆಯ ಮೇಲೆ ಒಂದು ಕೊಡ ಕುದಿನೀರು ಸುರಿದರೆ, ಬಣ್ಣ ಗಟ್ಟಿಯಾಗಿಲ್ಲದಿದ್ದಲ್ಲಿ, ಕೆಂಪು ಹರಿದು ಬಿಳಿಗೆ ಹತ್ತುತ್ತದೆ. ಹತ್ತಿದ್ದನ್ನು ಮತ್ತೆ ತೆಗೆಯುವುದು ಬಹಳ ಕಷ್ಟ.

ಬಿಸಿ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ತುಪ್ಪ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಮೈ ಬಿಸಿಯಷ್ಟು ಶಾಖ ತಗುಲಿದರೆ ಕರಗಿ ಹರಿಯುತ್ತದೆ. ಹೆಪ್ಪುಗಟ್ಟಿದ ಜಿಡ್ಡನ್ನು ತಣ್ಣೀರು ಅಲುಗಿಸಲಾರದು, ಕರಗಿದ ಜಿಡ್ಡನ್ನು ಸಾಬೂನು ಸುಲಭವಾಗಿ ಹನಿ ಹನಿಯಾಗಿ ಒಡೆದು ಎತ್ತಿಕೊಳ್ಳುತ್ತದೆ. ಇದು ಒಂದನೆಯ ಲಾಭ. ಎರಡನೆಯದಾಗಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಸ್ನಿಗ್ಧತೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ನೀರು ಹೆಚ್ಚು ತೆಳುವಾಗಿ ಎಳೆ ಎಳೆಗಳ ನಡುವೆ ನುಗ್ಗುತ್ತದೆ. ರಾಸಾಯನಿಕ ಕ್ರಿಯೆಗಳೂ ಚುರುಕಾಗುತ್ತವೆ. ಪ್ರತಿ 10 ಡಿಗ್ರಿ ಏರಿಕೆಗೆ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಒರಟು ನಿಯಮವನ್ನು ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿ ಓದಿರಬಹುದು.

ಆದರೆ ಬಿಸಿನೀರಿಗೆ ಅದರ ಯೋಗ್ಯತೆ ಮೀರಿದ ಕೀರ್ತಿ ಬಂದಿದೆ ಎಂದೇ ನನ್ನ ಎಣಿಕೆ. ಮೇಲ್ಮೈ ಎಳೆತವನ್ನೇ ತೆಗೆದುಕೊಳ್ಳಿ. 20 ಡಿಗ್ರಿಯಲ್ಲಿ ಅದು ಮೀಟರಿಗೆ ಸುಮಾರು 73 ಮಿಲಿನ್ಯೂಟನ್. 60 ಡಿಗ್ರಿಗೆ ಕಾಯಿಸಿದರೂ 66ಕ್ಕೆ ಮಾತ್ರ ಇಳಿಯುತ್ತದೆ. ತಣ್ಣೀರಿಗೇ ಚಿಟಿಕೆ ಸಾಬೂನಿನ ಪುಡಿ ಹಾಕಿದರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಬಟ್ಟೆಯನ್ನು ತೋಯಿಸುವ ಕೆಲಸದಲ್ಲಿ ಒಲೆಗಿಂತ ಸಾಬೂನು ದೊಡ್ಡದು.

ಈ ಮೇಲ್ಮೈ ಎಳೆತದ ಮಾತು ಬಂದಾಗ ಒಬ್ಬ ಹೆಣ್ಣುಮಗಳನ್ನು ನೆನೆಯದೆ ಮುಂದೆ ಹೋಗಲಾರೆ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಅಗ್ನೆಸ್ ಪಾಕೆಲ್ಸ್ ಹುಟ್ಟಿದ್ದು 1862ರಲ್ಲಿ. ಅಂದಿನ ಜರ್ಮನಿಯಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಂದೆತಾಯಿಯರ ಆರೈಕೆ, ಅಡುಗೆ, ಪಾತ್ರೆ ತೊಳೆಯುವುದು ಇವರ ಪಾಲಿಗೆ ಬಂದ ಕೆಲಸ. ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡಿನ ಪೊರೆ ಹೇಗೆ ಹರಡುತ್ತದೆ ಎಂಬುದನ್ನು ಅವರು ಗಮನಿಸಿದರು. ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡು ಅಡುಗೆಮನೆಯಲ್ಲಿಯೇ ವರ್ಷಗಟ್ಟಲೆ ಅಳೆದರು. 1891ರಲ್ಲಿ ಆ ಅಳತೆಗಳನ್ನೆಲ್ಲ ಇಂಗ್ಲೆಂಡಿನ ಲಾರ್ಡ್ ರೇಲಿಯವರಿಗೆ ಪತ್ರದಲ್ಲಿ ಬರೆದರು. ರೇಲಿಯವರು ದೊಡ್ಡ ಮನಸ್ಸಿನವರು. ಆ ಪತ್ರವನ್ನು 'ನೇಚರ್' ಪತ್ರಿಕೆಗೆ ತಾವೇ ಕಳಿಸಿ ಅಚ್ಚು ಮಾಡಿಸಿದರು. ಇಂದಿಗೂ ಈ ವಿಷಯದ ಸಂಶೋಧಕರು ಬಳಸುವ ತೊಟ್ಟಿಯ ಮೂಲ ರೂಪ ಆ ತಗಡಿನ ತೊಟ್ಟಿಯೇ.

ಈಗ ಹಾಲಿನ ಕಲೆಗೆ ಬರೋಣ. ಇಲ್ಲಿ ಬಿಸಿನೀರು ಶತ್ರು. ಹಾಲು ಕಾಯಿಸಿದ ಪಾತ್ರೆಯ ತಳಕ್ಕೆ ಅಂಟುವ ಪದರ ನಿಮಗೆ ಗೊತ್ತು. ಅದನ್ನು ತಿಕ್ಕಿ ತೆಗೆಯುವ ಅವ್ವನಿಗೆ ಇನ್ನೂ ಚೆನ್ನಾಗಿ ಗೊತ್ತು. ಶಾಖಕ್ಕೆ ಪ್ರೋಟೀನಿನ ಸುರುಳಿ ಬಿಚ್ಚಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಮೊಟ್ಟೆಯ ಬಿಳಿ 60 ಡಿಗ್ರಿ ದಾಟುತ್ತಲೇ ಹೆಪ್ಪುಗಟ್ಟತೊಡಗುವುದು ಹೀಗೆಯೇ. ಅದೇ ಕ್ರಿಯೆ ಜಮಖಾನದ ನೂಲಿನೊಳಗೆ ನಡೆದರೆ ಕಲೆ ಅಲ್ಲಿಯೇ ಬೆಂದು ಕೂರುತ್ತದೆ. ಆದ್ದರಿಂದ ಹಾಲು, ಮೊಟ್ಟೆ, ರಕ್ತ ಯಾವುದೇ ಇರಲಿ, ಮೊದಲು ತಣ್ಣೀರು. ಅರಿಷಿಣದ ಕಥೆ ಬೇರೆ. ಅದರ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಸಾಬೂನಿನ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಹೆದರಬೇಡಿ; ಬಿಸಿಲಿಗೆ ಹಾಕಿದರೆ ತಾನಾಗಿ ಮಾಸುತ್ತದೆ.

ಉಳಿದದ್ದು ಎರೆಮಣ್ಣು. ಶಿರೋಳ, ರೋಣ, ನರಗುಂದದ ಸೀಮೆಯಲ್ಲಿ ಇದೇ ಮುಖ್ಯ ಕೊಳೆ. ಪಾಶ್ಚಾತ್ಯ ಕೈಪಿಡಿಗಳನ್ನು ಓದಿ ಕೆಲಸಕ್ಕಿಳಿಯುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನ್ನ ತಕರಾರು. ಮಳೆಗಾಲದಲ್ಲಿ ಈ ಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಯುವಷ್ಟು ಬಿರುಕು ಬಿಡುತ್ತದೆ. ಇದರ ಜೇಡಿ ಕಣಗಳು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗಕ್ಕಿಂತ ಸಣ್ಣವು. ನೀರು ಕುಡಿದರೆ ಹಿಗ್ಗುತ್ತವೆ, ಮೇಣದಂತೆ ಅಂಟುತ್ತವೆ. ಬಿಸಿನೀರಿಗೆ ಇವು ಕರಗುವುದಿಲ್ಲ, ತಣ್ಣೀರಿಗೂ ಕರಗುವುದಿಲ್ಲ. ಹೀಗಿರುವಾಗ ಧೂಳು ತುಂಬಿದ ಜಮಖಾನವನ್ನು ನೇರವಾಗಿ ನೀರಿಗೆ ಹಾಕುವುದೆಂದರೆ ನೂಲಿನ ಒಳಗೇ ಕೆಸರು ಕಲಸಿದಂತೆ. ಪೂರ್ತಿ ಒಣಗಿಸಿ, ಹಗ್ಗಕ್ಕೆ ತೂಗುಹಾಕಿ, ಬೆನ್ನಿನ ಕಡೆಯಿಂದ ಕೋಲಿನಿಂದ ಬಡಿದರೆ ಕೊಳೆಯ ಬಹುಪಾಲು ಅಲ್ಲಿಯೇ ಉದುರುತ್ತದೆ. ಯಂತ್ರದವರೂ ಮೊದಲು ನಿರ್ವಾತ ಯಂತ್ರದಿಂದ ಒಣ ಧೂಳನ್ನು ಹೀರಿಯೇ ನೀರು ಮುಟ್ಟುತ್ತಾರೆ.

ಇನ್ನು ನೀರಿನ ವಿಷಯ. ಎರೆ ಸೀಮೆಯ ಅನೇಕ ಬಾವಿಗಳ ನೀರು ಗಡಸು, ಕೆಲವೆಡೆ ಸವಳು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಬಿಳಿಯ ಗಸಿಯಾಗುತ್ತವೆ. ಆ ಗಸಿ ಜಮಖಾನಕ್ಕೆ ಅಂಟಿದರೆ ಅದೇ ಹೊಸ ಕೊಳೆ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪೊರೆಯನ್ನು ಕೆರೆದು ನೋಡಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಬೈಕಾರ್ಬೊನೇಟಿನಿಂದ ಬಂದ ಗಡಸುತನ ಕುದಿಸಿದಾಗ ಹೀಗೆ ಹಂಡೆಯಲ್ಲಿಯೇ ಉಳಿಯುತ್ತದೆ, ನೀರು ಮೆತ್ತಗಾಗುತ್ತದೆ. ಸಲ್ಫೇಟು, ಕ್ಲೋರೈಡುಗಳಿಂದ ಬಂದದ್ದು ಮಾತ್ರ ಎಷ್ಟು ಕುದಿಸಿದರೂ ಹೋಗದು, ಅದಕ್ಕೆ ವಾಷಿಂಗ್ ಸೋಡಾ ಬೇಕು. ಬಾವಿಯ ನೀರನ್ನು ಒಮ್ಮೆ ಕುದಿಸಿ, ಆರಿಸಿ, ತಿಳಿಯನ್ನು ಬಸಿದುಕೊಂಡು ಬಳಸಿದರೆ ಕುದಿಸಿದ ಫಲವೂ ಸಿಗುತ್ತದೆ, ಬಣ್ಣಕ್ಕೂ ಅಪಾಯವಿಲ್ಲ.

ನಮ್ಮ ಮಡಿವಾಳರಿಗೆ ಇದೆಲ್ಲ ಅನುಭವದಿಂದ ತಿಳಿದಿತ್ತು. ಅವರು ಉಬ್ಬೆ ಹಾಕುತ್ತಿದ್ದುದನ್ನು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಸವಳು ಮಣ್ಣಿನ ಅಥವಾ ಸೋಡಾದ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಒಟ್ಟಿ, ಕೆಳಗಿನ ಗಡಿಗೆಯಿಂದೇಳುವ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕ್ರಮ ಅದು. ಕ್ಷಾರ ಮತ್ತು ಶಾಖ ಸೇರಿ ಜಿಡ್ಡನ್ನೇ ಸಾಬೂನಾಗಿಸುತ್ತವೆ. ಬಿಳಿ ಹತ್ತಿಗೆ ಅದು ಸರಿ. ಬಣ್ಣದ ಸೀರೆಯನ್ನು ಉಬ್ಬೆಗೆ ಹಾಕಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಜರ್ಮನಿಯ ಹೆನ್ಕೆಲ್ ಕಂಪನಿಯ ರಸಾಯನಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದೇ ತಿಳಿವಳಿಕೆಯನ್ನು ಒಂದು ವೃತ್ತವಾಗಿ ಬರೆದು ತೋರಿಸಿದರು. ರಾಸಾಯನಿಕ, ಯಾಂತ್ರಿಕ ಬಲ, ಉಷ್ಣತೆ, ಕಾಲ ಇವು ಅದರ ನಾಲ್ಕು ಪಾಲುಗಳು. ಒಂದನ್ನು ಕಡಿಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ಹಳ್ಳದ ತಣ್ಣೀರಿನಲ್ಲಿ ತೊಳೆಯುವವರು ಬಂಡೆಗೆ ಬಡಿಯುವುದೇಕೆಂದು ಈಗ ಹೊಳೆದಿರಬೇಕು.

ಕಂಬಳಿಗೆ ಮಾತ್ರ ಈ ಯಾವ ಲೆಕ್ಕವನ್ನೂ ಹಚ್ಚಬೇಡಿ. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಹುರುಪೆಗಳಿವೆ. ಬಿಸಿ, ತೇವ, ತಿಕ್ಕಾಟ ಮೂರೂ ಕೂಡಿದರೆ ಎಳೆಗಳು ಒಂದರೊಳಗೊಂದು ಸಿಕ್ಕಿ, ಕಂಬಳಿ ಕುಗ್ಗಿ ದಪ್ಪನೆಯ ತುಂಡಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಹತ್ತಿ ನೆನೆದಾಗ ಬಲವಾಗುತ್ತದೆ, ಉಣ್ಣೆ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಕುರುಬರು ನೇಯುವಾಗ ಹಾಸು ನೂಲಿಗೆ ಹಚ್ಚುವ ಹುಣಸೆ ಬೀಜದ ಸರಿಯೂ ಬಿಸಿನೀರಿಗೆ ಬಿಟ್ಟುಹೋಗುತ್ತದೆ. ಕಂಬಳಿಗೆ ತಣ್ಣೀರು, ಮೃದುವಾದ ಕೈ, ಅಷ್ಟು ಸಾಕು.

ಯಂತ್ರದವರು 'ಸ್ಟೀಮ್ ಕ್ಲೀನಿಂಗ್' ಎಂದು ಫಲಕ ಹಾಕಿರುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಹಬೆ ಇರುವುದಿಲ್ಲ. ಬಿಸಿನೀರನ್ನು ಒತ್ತಡದಿಂದ ಚಿಮ್ಮಿಸಿ ಆ ಕ್ಷಣವೇ ಹೀರಿಕೊಳ್ಳುವ ವಿಧಾನ ಅದು. ಆ ಬಿಸಿ ಕಾರ್ಪೆಟ್ಟಿಗೆ ಎಷ್ಟು ಮುಟ್ಟುತ್ತದೆ? ಒಂದು ಲೆಕ್ಕ ಮಾಡಿ. 25 ಡಿಗ್ರಿಯಲ್ಲಿರುವ 5 ಕಿಲೋ ಜಮಖಾನದ ಮೇಲೆ 80 ಡಿಗ್ರಿಯ 1 ಲೀಟರ್ ನೀರು ಹಾಕಿದಿರಿ ಎನ್ನಿ. ಹತ್ತಿಯ ವಿಶಿಷ್ಟ ಉಷ್ಣ ನೀರಿನದರ ಸುಮಾರು ಮೂರರಲ್ಲೊಂದು ಭಾಗ. ಶಾಖವೆಲ್ಲ ಸಮನಾಗಿ ಹರಡಿದಾಗ ಉಷ್ಣತೆ ಸುಮಾರು 46 ಡಿಗ್ರಿ. ನೆಲಕ್ಕೆ, ಗಾಳಿಗೆ ಹೋದದ್ದು ಬೇರೆ. ಖರ್ಚನ್ನೂ ನೋಡಿ. 20 ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ಏರಿಸಲು 800 ಕಿಲೋ ಕ್ಯಾಲೊರಿ ಬೇಕು, ಅಂದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು. ದಿನಕ್ಕೆ ಹತ್ತು ಕಾರ್ಪೆಟ್ ತೊಳೆಯುವವನಿಗೆ ಇದು ಲಾಭ ನಷ್ಟದ ಪ್ರಶ್ನೆ. ಜಿಡ್ಡು ಇರುವ ಕಡೆ ಮಾತ್ರ ಬಿಸಿ, ಉಳಿದ ಕಡೆ ತಣ್ಣೀರು ಮತ್ತು ಒಳ್ಳೆಯ ಪುಡಿ ಎಂದು ಲೆಕ್ಕ ಹಾಕುವವನು ಜಾಣ. ನವಲಗುಂದದ ಬಣ್ಣದ ಜಮಖಾನಕ್ಕಂತೂ ಕೈ ತಾಳುವಷ್ಟು ಬೆಚ್ಚಗಿನ ನೀರು, ಅದೂ ಜಿಡ್ಡಿನ ಮೇಲೆ ಮಾತ್ರ. ಅದಕ್ಕೂ ಮುಂಚೆ ಒಂದು ಮೂಲೆಯನ್ನು ತೋಯಿಸಿ ಬಿಳಿ ಬಟ್ಟೆ ಒತ್ತಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಬೆಚ್ಚಗಿನ ನೀರೂ ಬೇಡ.

ನೀವೇ ಪರೀಕ್ಷಿಸಬಹುದು. ಹಳೆಯ ಬಿಳಿ ಪಂಚೆಯಿಂದ ಆರು ತುಂಡು ಕತ್ತರಿಸಿ. ಎರಡಕ್ಕೆ ತುಪ್ಪ, ಎರಡಕ್ಕೆ ಹಾಲು, ಎರಡಕ್ಕೆ ಎರೆಮಣ್ಣಿನ ಕೆಸರು ಹಚ್ಚಿ ಒಂದು ದಿನ ಒಣಗಿಸಿ. ತುಪ್ಪ, ಹಾಲುಗಳ ಒಂದೊಂದು ತುಂಡನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಹಿರಿಯರ ಕೈಯಿಂದ ಹಾಕಿಸಿದ ಬಿಸಿನೀರಿನಲ್ಲಿ ಅಷ್ಟೇ ಸಾಬೂನು, ಅಷ್ಟೇ ಹೊತ್ತು ತೊಳೆಯಿರಿ. ಮಣ್ಣಿನವುಗಳಲ್ಲಿ ಒಂದನ್ನು ಚೆನ್ನಾಗಿ ಝಾಡಿಸಿ, ಇನ್ನೊಂದನ್ನು ಹಾಗೆಯೇ, ಎರಡನ್ನೂ ತಣ್ಣೀರಿಗೆ ಹಾಕಿ. ಒಣಗಿದ ಮೇಲೆ ಸಾಲಾಗಿ ಜೋಡಿಸಿ ವಹಿಯಲ್ಲಿ ಅಂಟಿಸಿರಿ. ನೀರಿನ ಉಷ್ಣತೆಯನ್ನು ಪಕ್ಕದಲ್ಲಿ ಬರೆಯಿರಿ, ನೀರು ಬಾವಿಯದೋ ಮಲಪ್ರಭೆಯ ಕಾಲುವೆಯದೋ ಎಂಬುದನ್ನೂ.